ಗರಗಸದ ಹಿಟ್ಟು, ಹುಳದ ತೌಡು

ಹೋದ ತಿಂಗಳು ನಿಡಗುಂದಿಗೆ ಹೊರಟಿದ್ದ ಬಸ್ಸು ದಾರಿಯಲ್ಲಿ ನಿಂತುಬಿಟ್ಟಿತು. ರಸ್ತೆಗೆ ಅಡ್ಡ ಒಂದು ಜಾಲಿ ಮರ ಬಿದ್ದಿತ್ತು. ಬಿದ್ದಿತ್ತು ಅಂದರೆ ಸುಳ್ಳಾದೀತು, ಕೆಡವಿದ್ದರು. ಮಷೀನಿನ ಗರಗಸ ಹಿಡಿದ ನಾಲ್ಕು ಮಂದಿ ಅದನ್ನು ತುಂಡು ಮಾಡುತ್ತಿದ್ದರು. ಕಿಟಕಿಯಿಂದ ಹಸಿ ಜಾಲಿಯ ಹೊಟ್ಟಿನ ವಾಸನೆ ಬಂತು. ಒಗರೊಗರು, ಹಿಂದೆಯೇ ಸ್ವಲ್ಪ ಹುಳಿ. ಆ ವಾಸನೆ ಮೂಗಿಗೆ ಬಡಿದ ಮೇಲೆ ನಾನು ಕೂತಲ್ಲಿ ಕೂರುವ ಹೆಂಗಸಲ್ಲ. ಮೊಣಕಾಲು ಬೇಡ ಬೇಡ ಎಂದರೂ ಇಳಿದೆ.

ಕೆಲಸ ಮಾಡಿಸುತ್ತಿದ್ದ ಮುಕಾದಮ ತಲೆಗೆ ಟವೆಲ್ಲು ಸುತ್ತಿಕೊಂಡು ನೆರಳಲ್ಲಿ ನಿಂತಿದ್ದ. "ಯಾಕಪಾ, ಇಂಥಾ ಚಲೋ ಗಿಡಾ ಕಡಿಯಾಕತ್ತೀರಿ?" ಎಂದೆ.

"ಚಲೋ ಎಲ್ಲಿ ಬಂತು ಯವ್ವಾ? ಹುಳಾ ಹತ್ಯಾವ. ಕಡಿಯಾಕ ಸರಕಾರದ ಕಾಗದಾ ಆಗೇತಿ. ಈ ಸಾಲು ಪೂರಾ ತಗೀಬೇಕು."

ಹುಳ ಎಂದನಲ್ಲ, ನನ್ನ ಕಿವಿ ನೆಟ್ಟಗಾದವು. ಬಗ್ಗಿ ಒಂದು ಮುಷ್ಟಿ ಹೊಟ್ಟು ತೆಗೆದುಕೊಂಡು ಬೆರಳಲ್ಲಿ ತಿಕ್ಕತೊಡಗಿದೆ. ಗರಗಸದವನೊಬ್ಬ ನಕ್ಕ. "ಏನ್ ಹುಡುಕಾಕತ್ತೀರಿ ಅಮ್ಮಾರ? ಬಂಗಾರ ಬಿದ್ದೈತೇನು?"

"ಬಂಗಾರಲ್ಲೋ ತಮ್ಮಾ, ಕಳ್ಳನ್ನ ಹುಡುಕಾಕತ್ತೇನಿ."

ಎಲ್ಲರೂ ನಕ್ಕರು. ನಗಲಿ. ನನ್ನನ್ನು ನೋಡಿ ನಕ್ಕವರು ಬಹಳ ಮಂದಿ. ಒಬ್ಬ ಸಾಹೇಬನೂ ಹೀಗೇ ನಕ್ಕಿದ್ದ, ಎಪ್ಪತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಿ. ಆಮೇಲೆ ಅವನು ಮೊಣಕಾಲೂರಿ ನೆಲಕ್ಕೆ ಕೂತದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನಮ್ಮೂರು ಇಂಗಳೇಶ್ವರದ ಆಚೆಗಿನ ಸಣ್ಣ ಹಳ್ಳಿ. ಬಾಗೇವಾಡಿಗೆ ಹೋಗಬೇಕೆಂದರೆ ಇಂಗಳೇಶ್ವರದವರೆಗೆ ನಡೆದು ಬಸ್ಸು ಹಿಡಿಯಬೇಕು. ಊರಿಗೆಲ್ಲ ಬಡಿಗೇರ ಮನೆ ನಮ್ಮದೊಂದೇ. ಅಪ್ಪನ ಹೆಸರು ಮೌನಪ್ಪ. ದಿನಕ್ಕೆ ಹತ್ತು ಮಾತಾಡಿದರೆ ಅದೇ ಹೆಚ್ಚು. ಅವನ ಪಾಲಿನ ಮಾತನ್ನೂ ದೇವರು ಈ ಕಾಳಿಗೇ ಕೊಟ್ಟುಬಿಟ್ಟ ಎಂದು ಅವ್ವ ನನ್ನನ್ನು ಬೈಯುತ್ತಿದ್ದಳು. ಬಾಚಿ, ಉಳಿ, ಕೊಡಲಿ ಬೇರೆಯವರ ಮನೆಯಲ್ಲೂ ಇದ್ದಾವು. ಆದರೆ ದಿಮ್ಮಿ ಸೀಳುವ ಗರಗಸ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಎರಡಾಳಿನ ಗರಗಸ ಅದು. ದಿಮ್ಮಿಯನ್ನು ಎತ್ತರದ ಕವೆಗಳ ಮೇಲೆ ಏರಿಸಿ ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಎಳೆಯಬೇಕು. ಮೇಲೆ ಅಪ್ಪ, ಕೆಳಗೆ ನಾನು. ಹೆಣ್ಣುಮಗಳು ಗರಗಸ ಎಳೆಯುತ್ತಾಳೆ ಎಂದು ಊರವರು ಮೊದಮೊದಲು ಆಡಿಕೊಂಡರು. ಅವರವರ ಕೂರಿಗೆ, ಕುಂಟೆ ಹೊತ್ತಿಗೆ ಸರಿಯಾಗಿ ಸಿಕ್ಕತೊಡಗಿದ ಮೇಲೆ ಸುಮ್ಮನಾದರು.

ಕೆಳಗೆ ನಿಂತವರ ಮೇಲೆಯೇ ಹೊಟ್ಟೆಲ್ಲ ಸುರಿಯುವುದು. ತಲೆಯಲ್ಲಿ, ಕಣ್ಣಲ್ಲಿ, ಬಾಯಲ್ಲಿ. ಬೇವಿನದು ಕಹಿ, ಜಾಲಿಯದು ಒಗರು. ಇಪ್ಪತ್ತು ತುಂಬುವುದರೊಳಗೆ ನಾನು ತಿಂದಷ್ಟು ಮರವನ್ನು ಯಾವ ಹುಳವೂ ತಿಂದಿರಲಿಕ್ಕಿಲ್ಲ.

ಅಪ್ಪ ಮಾತಾಡುತ್ತಿದ್ದ ಹತ್ತು ಮಾತಿನಲ್ಲಿ ನಾಲ್ಕು ಹುಳದ ಬಗ್ಗೆ ಇರುತ್ತಿದ್ದವು. ಬಡಿಗನಿಗೆ ಹುಳ ಎಂದರೆ ದಾಯಾದಿ. ಇಬ್ಬರದೂ ಅನ್ನ ಒಂದೇ ಕಟ್ಟಿಗೆಯಲ್ಲಿ. ಮರ ಕೊಳ್ಳಲು ಹೋದರೆ ಅಪ್ಪ ಮೊದಲು ಬುಡ ನೋಡುತ್ತಿದ್ದ, ಆಮೇಲೆ ತೊಗಟೆ ತಟ್ಟಿ ಕಿವಿ ಹಚ್ಚುತ್ತಿದ್ದ. "ಗೆದ್ದಲು ಹತ್ತಿ ಗಿಡಾ ಸತ್ತತು ಅಂತಾರ ಮಂದಿ. ಅಲ್ಲ, ಸಾಯೂ ಗಿಡಕ್ಕ ಗೆದ್ದಲು ಹತ್ತತೈತಿ. ಅವು ಇರದಿದ್ರ ಸತ್ತ ಕಟಗಿ ಮಣ್ಣಾಗೂದು ಹ್ಯಾಂಗ? ಸತ್ತದ್ದು ತಿನ್ನೂದು ಮನಿ ಮಗಾ. ಜೀವಂತ ಗಿಡಾ ಕೊರಿಯೂದು ಕಳ್ಳ" ಎನ್ನುತ್ತಿದ್ದ. ಕಳ್ಳನನ್ನು ಹಿಡಿಯುವುದಕ್ಕೂ ಅವನ ಬಳಿ ಒಂದು ಗುರುತಿತ್ತು. ಹೊಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದರೆ ಗರಗಸದ್ದು ಹಿಟ್ಟಿನಂತೆ ನುಣ್ಣಗೆ ಹತ್ತುತ್ತದೆ. ಹುಳ ಅಗಿದು ಹೊರಗೆ ತಳ್ಳಿದ್ದು ತೌಡಿನಂತೆ ಎಳೆಎಳೆ, ಉಂಡೆಉಂಡೆ.

ಊರ ದನ ಮೇಯುವ ಗಾಯರಾಣದಲ್ಲಿ ಅದಕ್ಕೂ ಆರೇಳು ವರ್ಷ ಮೊದಲು, ಬರಗಾಲದ ಕಾಮಗಾರಿಯಲ್ಲಿ, ಸರಕಾರದವರು ಜಾಲಿ ತೋಪು ಹಾಕಿದ್ದರು. ನೆಡುವ ಮುಂಚೆ ಅಲ್ಲಿದ್ದ ಬಾರಿಹಣ್ಣಿನ ಕಂಟಿ, ಬಿದ್ದ ಬೊಡ್ಡೆ, ಪೊಟರೆ ಬಿದ್ದ ಹಳೆಯ ಬೇವು ಎಲ್ಲ ಕಿತ್ತು ಸುಟ್ಟರು. "ಆ ಒಂದು ಬೇವಿನ ಗಿಡಾ ಬಿಡ್ರಿ, ಅದರಾಗ ಮರಕುಟಿಗ ಅದಾವ, ಹುಳಾ ಹೆಕ್ಕತಾವ" ಎಂದು ಅಪ್ಪ ಬಾಯಿಬಿಟ್ಟು ಕೇಳಿದ್ದ. ಕಸ ಇಟ್ಟುಕೊಂಡು ಏನು ಮಾಡೋದು ಎಂದು ಅದನ್ನೂ ಕೆಡವಿದರು. ಆಮೇಲೆ ದಾರ ಹಿಡಿದು ಸಾಲು ಸಾಲು ಜಾಲಿ ನೆಟ್ಟರು. ಒಂದೇ ಜಾತಿ, ಒಂದೇ ವಯಸ್ಸು, ಹುಳಕ್ಕೆ ಪಂಕ್ತಿಯಲ್ಲಿ ಎಲೆ ಹಾಕಿದ ಹಾಗೆ. ನಮ್ಮೂರ ಮಂದಿಯೇ ನೀರು ಹೊತ್ತು ಬೆಳೆಸಿದ ಗಿಡಗಳು. ಆ ವರ್ಷಕ್ಕೆ ಅವು ತೊಡೆ ಗಾತ್ರ ಬಂದಿದ್ದವು.

ಹೋಳಿ ಹುಣ್ಣಿಮೆಯ ಆಸುಪಾಸು ಗಿಡಗಳು ಬೀಳತೊಡಗಿದವು. ದೊಡ್ಡ ಗಾಳಿಯೇನೂ ಇಲ್ಲ. ಬೆಳಗಾದರೆ ಒಂದು, ಮರುದಿನ ಎರಡು, ಬುಡದಲ್ಲೇ ಮುರಿದು ಅಡ್ಡಬಿದ್ದಿರುತ್ತಿದ್ದವು. ಪ್ರತಿಯೊಂದರ ಬುಡದಲ್ಲೂ ಒಂದಿಷ್ಟು ಕೆಂಪು ಹೊಟ್ಟು. ತೋಪಿನ ಗಾರ್ಡ ನಿಂಗಪ್ಪ ನಮ್ಮೂರವನೇ. ನಾನು ಮಾವಾ ಎಂದು ಕರೆಯುತ್ತಿದ್ದೆ. ಅವನು ಹೆದರಿ ಮೇಲೆ ವರದಿ ಕೊಟ್ಟ. ಮೂರನೆಯ ದಿನ ಮೋಟರ್ ಸೈಕಲ್ಲಿನ ಮೇಲೆ ಅರಣ್ಯ ಇಲಾಖೆಯ ಸಾಹೇಬ ಬಂದ.

ಸಾಹೇಬ ಚಿಕ್ಕ ವಯಸ್ಸಿನವನು, ಮೈಸೂರು ಕಡೆಯವನು. ಕೆಟ್ಟವನಲ್ಲ, ಆದರೆ ನಮ್ಮ ನೆಲಕ್ಕೆ ಹೊಸಬ. ಬೂಟಿನ ತುದಿಯಿಂದ ಹೊಟ್ಟನ್ನು ಕೆದರಿ ನೋಡಿದ. ಬುಡ ಅರ್ಧ ಕೊಯ್ದು ಬಿಟ್ಟರೆ ಗಾಳಿಗೆ ತಾನೇ ಬೀಳುತ್ತದೆ, ಆಮೇಲೆ ಬಿದ್ದ ಮರ ಎಂದು ಹೊತ್ತೊಯ್ಯುತ್ತಾರೆ, ಇದು ಹಳೆಯ ಕಳ್ಳರ ಕಸುಬು ಎಂದ. ಆಮೇಲೆ ಒಂದೇ ಪ್ರಶ್ನೆ ಕೇಳಿದ. "ಈ ಊರಲ್ಲಿ ಗರಗಸ ಯಾರ ಮನೆಯಲ್ಲಿದೆ?"

ಊರಿಗೆ ಊರೇ ನಮ್ಮ ಮನೆಯ ಕಡೆ ನೋಡಿತು.

ಪಂಚರನ್ನು ಕರೆಸಿ ಪಂಚನಾಮೆ ಬರೆಸಿದರು. ಗೋಡೆಯ ಗೂಟಕ್ಕೆ ತೂಗಿದ್ದ ಗರಗಸವನ್ನು ನಿಂಗಪ್ಪ ಮಾವ ತಲೆ ತಗ್ಗಿಸಿಕೊಂಡು ಇಳಿಸಿದ. ಅಪ್ಪ ಕೈಮುಗಿದು ನಿಂತು ಎರಡೇ ಮಾತು ಹೇಳಿದ. "ಹುಳ್ರಿ ಸಾಹೇಬ್ರ. ಹುಳಾ."

ಸಾಹೇಬ ನಕ್ಕ. "ಹುಳ ಗರಗಸ ಹಿಡ್ಕೊಂಡು ಬರುತ್ತೇನಪ್ಪ?"

ನನಗೆ ರೇಗಿತು. "ಹುಳಕ್ಕ ಕರಗಸ ಬ್ಯಾಡ್ರಿ, ಬಾಯಾಗ ಐತಿ. ಬರ್ರಿ, ಬಿದ್ದ ಗಿಡಾ ಸೀಳಿ ತೋರಸ್ತೇನಿ" ಎಂದೆ. ಸಾಕ್ಷಿಯ ಮಾಲನ್ನು ಸೀಳುವಂತಿಲ್ಲ, ತೋಪಿನ ಒಂದು ಕಡ್ಡಿ ಮುಟ್ಟಿದರೂ ಇನ್ನೊಂದು ಕೇಸು ಎಂದ. ಬಿದ್ದ ಗಿಡಗಳನ್ನೆಲ್ಲ ಗಾಡಿಗೆ ಹೇರಿಸಿ ಸಾಗಿಸಿದ. ಒಂದೇ ಒಂದು ಬುಡದ ಕೊರಡನ್ನು ಸಾಕ್ಷಿಗೆಂದು ಉಳಿಸಿಕೊಂಡು, ಅದಕ್ಕೂ ಗರಗಸಕ್ಕೂ ಹುರಿ ಸುತ್ತಿ, ಗಂಟಿನ ಮೇಲೆ ಅರಗು ಕಾಸಿ ಮುದ್ರೆ ಒತ್ತಿದ. ಅರಗು ಯಾರು ಮಾಡುವುದು? ಬಾರಿ ಗಿಡದ ಟೊಂಗೆಗೆ ಕಚ್ಚಿಕೊಂಡಿರುವ ಹುಳ. ಹುಳ ಮಾಡಿದ ಅರಗಿನಿಂದಲೇ ಹುಳದ ಬಾಯಿ ಮುಚ್ಚಿದ ಪುಣ್ಯಾತ್ಮ! ಎರಡನ್ನೂ ತೋಪಿನ ಪಕ್ಕದ ನರ್ಸರಿಯ ತಗಡು ಹೊದಿಸಿದ ಪತ್ರಾಸಿನ ಕೋಣೆಯಲ್ಲಿ ಇಟ್ಟು ಕೀಲಿ ಹಾಕಿದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಬರೆಯ ಉರಿ ಹೇಗಿರುತ್ತದೆ ಎಂದು ನನಗೆ ಆ ವಾರ ತಿಳಿಯಿತು. ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ತಾವು ನೀರು ಹೊತ್ತು ಬೆಳೆಸಿದ ಗಿಡವನ್ನು ನಾವು ಕೊಯ್ದೆವು ಎಂದೇ ಅವರ ಲೆಕ್ಕ. ಬಡಿಗನಿಗೆ ಬೇಸಿಗೆಯೇ ಸುಗ್ಗಿ. ಮಳೆ ಬೀಳುವುದರೊಳಗೆ ಊರ ಕೂರಿಗೆ, ಕುಂಟೆ, ಗಾಡಿ ಎಲ್ಲ ತಯಾರಾಗಬೇಕು. ಅಂಗಳದಲ್ಲಿ ಅರ್ಧಂಬರ್ಧ ಕೆತ್ತಿದ ಕೂರಿಗೆಗಳು ಬಿದ್ದಿದ್ದವು. ದಿಮ್ಮಿ ಸೀಳಲು ಗರಗಸವಿಲ್ಲ. ಈ ವರ್ಷ ಕೊಲ್ಹಾರದಿಂದ ಬೇರೆ ಬಡಿಗನನ್ನು ಕರೆಸೋಣ ಎಂಬ ಮಾತು ಕಟ್ಟೆಯ ಮೇಲೆ ಎದ್ದಿತು. ಇಷ್ಟು ವರ್ಷ ಊರ ನೇಗಿಲು ಕೆತ್ತಿಕೊಟ್ಟ ಕೈಯನ್ನು ಒಂದು ಮುಷ್ಟಿ ಹೊಟ್ಟು ನೋಡಿ ಬಿಟ್ಟುಕೊಡಲು ತಯಾರಾದರು.

ಯುಗಾದಿ ಕಳೆದ ಮೇಲೆ ಊರ ಗೌಡರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು. "ಮೌನಪ್ಪಾ, ನಾ ಸಾಹೇಬ್ರ ಕೂಡ ಮಾತಾಡೇನಿ. ತಪ್ಪಾತು ಅಂತ ಒಂದು ಹೆಬ್ಬಟ್ಟ ಒತ್ತಿಬಿಡು. ಸಣ್ಣ ದಂಡಾ, ಅದನ್ನ ನಾನ ತುಂಬತೇನಿ. ನಾಳೆ ಕರಗಸ ಮನಿಗೆ ಬರತೈತಿ."

ಅಪ್ಪ ಅಂಗಳದ ಕೂರಿಗೆಗಳನ್ನು ನೋಡಿದ. "ರೈತರ ಕೆಲಸ ನಿಂತಾವ ಮಗಳ" ಎಂದು ಎದ್ದು ಅಂಗಿ ಹಾಕಿಕೊಳ್ಳತೊಡಗಿದ.

ನಾನು ಬಾಗಿಲಿಗೆ ಅಡ್ಡ ನಿಂತೆ. "ಒತ್ತು, ಬ್ಯಾಡ ಅನ್ನಂಗಿಲ್ಲ. ಆದ್ರ ನೀ ಹೆಬ್ಬಟ್ಟ ಒತ್ತಿ ತಂದ ಕರಗಸಾನ ನಾ ಮುಟ್ಟಂಗಿಲ್ಲ. ಮ್ಯಾಲಿನ ತುದಿ ನೀ ಹಿಡಿ. ಕೆಳಗಿನ ತುದಿ ಆ ಸಾಹೇಬ್ ಹಿಡೀಲಿ!"

"ಕಾಳೀ, ಹಿರೇರ ಮುಂದ ನಾಲಗಿ ಬಿಗಿ ಹಿಡಿ" ಎಂದು ಅವ್ವ ಒಳಗಿಂದ ಕೂಗಿದಳು. ಗೌಡರು ಮುಖ ಗಂಟುಹಾಕಿಕೊಂಡರು. ಅಪ್ಪ ಒಂದು ತೋಳಿಗೆ ಅಂಗಿ ಹಾಕಿಕೊಂಡವನು ಹಾಗೇ ನನ್ನನ್ನು ನೋಡುತ್ತ ನಿಂತ. ಆಮೇಲೆ ಅಂಗಿ ಕಳಚಿ ಗೂಟಕ್ಕೆ ಹಾಕಿ ಕೂತುಬಿಟ್ಟ. ಅವನ ಕಣ್ಣಲ್ಲಿ ನೀರಿತ್ತು. ಅದು ಸಿಟ್ಟಿನದೋ ಸಮಾಧಾನದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅದಾದ ನಾಲ್ಕೈದು ದಿನಕ್ಕೆ, ಮಟಮಟ ಮಧ್ಯಾಹ್ನ, ನಿಂಗಪ್ಪ ಮಾವ ಹಿತ್ತಲ ಬಾಗಿಲಿನಿಂದ ಬಂದ. ಮುಖ ಬಿಳಚಿಕೊಂಡಿತ್ತು. "ಕಾಳವ್ವಾ, ಖರೆ ಹೇಳು. ನಿಮ್ಮ ಕರಗಸಕ್ಕ ಏನರ ಗಾಳಿಗೀಳಿ ಐತೇನು?"

"ಯಾಕ ಮಾವಾ?"

"ದಿನಾ ಮುಂಜಾನೆ ಸಲಕಿ, ಬುಟ್ಟಿ ತಗೊಳ್ಳಾಕ ನರ್ಸರಿ ಕೋಲಿ ಬಾಗಲಾ ತಗೀತೇನಿ. ದಿನಾ ನೆಲದ ಮ್ಯಾಲ ಹೊಸಾ ಹೊಟ್ಟು ಬಿದ್ದಿರತೈತಿ. ಕೀಲಿ ಹಾಕಿದ್ದು ಹಾಕಿದಂಗ, ಮುದ್ರಿ ಇದ್ದದ್ದು ಇದ್ದಂಗ. ಕರಗಸ ತಾನ ಎದ್ದು ಕೊಯ್ಯಾಕತ್ತೈತಿ! ನಿನ್ನೆ ಅದಕ್ಕ ನಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿ ಬಂದೇನಿ. ಆದ್ರೂ ನಿಂತಿಲ್ಲ."

ಸರಕಾರದ ಮುದ್ರೆ ಬಿದ್ದ ನಮ್ಮ ಗರಗಸ ನಿಂಬೆಹಣ್ಣು ಕಟ್ಟಿಸಿಕೊಂಡು ಕೂತದ್ದನ್ನು ನೆನೆದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತ ನಗುತ್ತಲೇ ಒಂದು ಅನುಮಾನ ಹೊಳೆಯಿತು. "ಮಾವಾ, ಹೊಟ್ಟು ಎಲ್ಲಿ ಬಿದ್ದಿರತೈತಿ? ಕರಗಸದ ಕೆಳಗೋ, ಕೊರಡಿನ ಕೆಳಗೋ?"

ಅವನು ಕಣ್ಣುಮುಚ್ಚಿ ನೆನಪಿಸಿಕೊಂಡ. "ಕೊರಡಿನ ಕೆಳಗ."

ಮರುದಿನ ಅವನು ಟವೆಲ್ಲಿನ ಚುಂಗಿನಲ್ಲಿ ಒಂದು ಚಿಟಿಕೆ ಕಟ್ಟಿಕೊಂಡು ತಂದ. ಅಪ್ಪ ಬೆರಳಲ್ಲಿ ತಿಕ್ಕಿ, "ತೌಡು" ಎಂದ. ಅಷ್ಟೇ. ಕಳ್ಳನನ್ನು ಸಾಹೇಬನೇ ಹಿಡಿದು, ತಾನೇ ಕೀಲಿ ಹಾಕಿ, ದಿನಾ ಕಾವಲು ಕಾಯಿಸುತ್ತಿದ್ದ! "ಇದನ್ನ ಸಾಹೇಬ್ರಿಗೆ ಹೇಳ್ರಿ ಮಾವಾ" ಎಂದರೆ ನಿಂಗಪ್ಪ ಮಾವ ಕೈಮುಗಿದ. "ಕೋಲಿ ಕೀಲಿ ನನ್ನ ಕೈಯಾಗ ಐತಿ ತಾಯಿ. ನೀನ ಕೊಯ್ದಿ ಅಂತ ಸಾಹೇಬ್ರು ಅಂದ್ರ ನನ್ನ ನೌಕರಿ ಹೋಗತೈತಿ." ಅವನ ಮಾತಿನಲ್ಲಿ ನ್ಯಾಯವಿತ್ತು. ಹಾಗಾದರೆ ಕೀಲಿ ಸಾಹೇಬನ ಕೈಗೇ ಬರಬೇಕು.

ಚೈತ್ರದ ಅಮಾವಾಸ್ಯೆಯ ಹಿಂದಿನ ದಿನ ಸಾಹೇಬ ನರ್ಸರಿಗೆ ಬರುವವನಿದ್ದ. ಬಡಿಗೇರ ಮನೆಗಳಲ್ಲಿ ಅಮಾವಾಸ್ಯೆ ಎಂದರೆ ಉಳಿ, ಬಾಚಿ, ಗರಗಸ ಯಾವ ಹತ್ಯಾರವನ್ನೂ ಮುಟ್ಟುವಂತಿಲ್ಲ. ತೊಳೆದು, ವಿಭೂತಿ ಹಚ್ಚಿ, ಸಾಲಾಗಿ ಇಟ್ಟು ಪೂಜೆ. ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ಅದು ಊರಿಗೆಲ್ಲ ಗೊತ್ತು. ನಾನು ಅಪ್ಪನ ಮದುವೆಯ ಬಿಳಿ ಧೋತರವನ್ನು ಪೆಟ್ಟಿಗೆಯಿಂದ ತೆಗೆದು ಹೆಗಲಿಗೆ ಹಾಕಿಕೊಂಡು, ಗೌಡರನ್ನೂ ಪಂಚರನ್ನೂ ಹೊರಡಿಸಿಕೊಂಡು ಹೋದೆ. ಅಪ್ಪ ಹಿಂದಿನಿಂದ ಬಂದ.

"ಸಾಹೇಬ್ರ, ನೀವ ನಿಂತು ಕೋಲಿ ಕಸಾ ಹೊಡಸ್ರಿ. ಕೊರಡಿನ ಕೆಳಗ ಈ ಧೋತರ ಹಾಸ್ರಿ. ನಿಮ್ಮ ಕೀಲಿ ಹಾಕಿ, ಕೀಲಿಕೈ ನಿಮ್ಮ ಕಿಸೆದಾಗ ಇಟಗೋರಿ. ನಾಳೆ ಅಮಾಸಿ. ನಮ್ಮ ಮಂದಿ ಕರಗಸದ ಸನೇಕ ಹಾಯಂಗಿಲ್ಲ. ನಾಳೆ ಇಷ್ಟ ಹೊತ್ತಿಗೆ ನೀವ ಬಂದು ತಗೀರಿ. ಧೋತರದ ಮ್ಯಾಲ ಹೊಟ್ಟು ಬೀಳಲಿಲ್ಲಂದ್ರ ನಮ್ಮಪ್ಪ ಹೆಬ್ಬಟ್ಟ ಒತ್ತತಾನ. ನಾನೂ ಒತ್ತತೇನಿ."

ಸಾಹೇಬ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಪಂಚರು ನೋಡುತ್ತಿದ್ದರು. ಧೋತರ ಹಾಸಿಸಿ, ಹೊಸ ಕೀಲಿ ತರಿಸಿ ಹಾಕಿ, ಕೀಲಿಕೈಯನ್ನು ಅಂಗಿಯ ಜೇಬಿಗೆ ಇಳಿಸಿ ಹೋದ.

ಮನೆಗೆ ಬರುವಾಗ ದಾರಿಯಲ್ಲಿ ಅಪ್ಪ ಬಾಯಿಬಿಟ್ಟ. "ಹೆಬ್ಬಟ್ಟ ನಂದು. ನನ್ನ ಕೇಳದ ಪಣಕ್ಕ ಇಟ್ಟಿ."

"ಹುಳಾ ಐತಲ್ಲಪ್ಪ ಅದರಾಗ?"

"ಐತಿ. ಆದ್ರ ಬಿಸಲ ಏರಿತು. ದುಂಬಿ ಆಗೂ ಮುಂದ ಅದು ಬಾಯಿ ಮುಚ್ಚಿ ಮಲಗತೈತಿ. ಒಂದು ಎಳಿ ಸುದ್ದಾ ತಿನ್ನಂಗಿಲ್ಲ. ಇವತ್ತ ಮಲಗಿದ್ರ?"

ನನಗೆ ಅದು ಗೊತ್ತಿರಲಿಲ್ಲ. ಎಲ್ಲ ಬಲ್ಲೆ ಎಂದು ಎದೆ ಸೆಟೆಸಿಕೊಂಡು ಹೋಗಿದ್ದೆ. ಆ ಸಂಜೆ ರೊಟ್ಟಿ ಮುರಿದೆ, ತಿನ್ನಲಾಗಲಿಲ್ಲ. ಜನ್ಮದಲ್ಲಿ ಮೊದಲ ಸಲ ಹುಳಕ್ಕೆ ಕೈಮುಗಿದೆ. ಮಾರಾಯಾ, ಇನ್ನೊಂದು ದಿನ ತಿನ್ನು, ಹೊಟ್ಟೆ ಬಿರಿಯ ತಿನ್ನು ಎಂದು.

ಅಮಾವಾಸ್ಯೆಯ ಮಧ್ಯಾಹ್ನ ನರ್ಸರಿಯ ಮುಂದೆ ಊರೇ ನೆರೆದಿತ್ತು. ಸಾಹೇಬ ಜೇಬಿನಿಂದ ಕೀಲಿಕೈ ತೆಗೆದ. ಪತ್ರಾಸಿನ ಬಾಗಿಲು ಕಿರುಗುಟ್ಟಿ ತೆರೆಯಿತು, ಒಳಗಿನ ಕಾವು ಮುಖಕ್ಕೆ ಬಡಿಯಿತು. ಗೋಡೆಗೆ ಗರಗಸ ಹಾಗೇ ತೂಗುತ್ತಿತ್ತು. ಅರಗಿನ ಮುದ್ರೆ ಬಿರುಕು ಬಿಟ್ಟಿರಲಿಲ್ಲ. ನಿಂಗಪ್ಪ ಮಾವ ಕಟ್ಟಿದ ನಿಂಬೆಹಣ್ಣು ಒಣಗಿ ಸೊರಗಿತ್ತು. ಕೆಳಗೆ ಬಿಳಿ ಧೋತರದ ಮೇಲೆ, ಕೊರಡಿನ ತೂತಿಗೆ ನೇರವಾಗಿ, ಕೆಂಪಗೆ ಒಂದು ಚಿಟಿಕೆಗಿಂತ ತುಸು ಹೆಚ್ಚು ಹೊಟ್ಟು ಬಿದ್ದಿತ್ತು.

ಯಾರೂ ಮಾತಾಡಲಿಲ್ಲ. ಹಾಗೆ ಸುಮ್ಮನಿದ್ದುದರಿಂದಲೇ ಅದು ಕೇಳಿಸಿತು. ಕಿರ್‍ರ್, ಕಿರ್‍ರ್. ಒಳಗೆ ಯಾರೋ ಸಣ್ಣ ಗರಗಸ ಎಳೆಯುತ್ತಿದ್ದರು. ಸಾಹೇಬ ಟೋಪಿ ತೆಗೆದ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಮೊಣಕಾಲೂರಿ ನೆಲಕ್ಕೆ ಕೂತು ಕೊರಡಿಗೆ ಕಿವಿ ಹಚ್ಚಿದ.

"ಸಾಹೇಬ್ರ, ಇವತ್ತ ಅಮಾಸಿ" ಎಂದೆ. "ನಿಮ್ಮ ಕೀಲಿ, ನಿಮ್ಮ ಮುದ್ರಿ. ಈಗ ಹೇಳ್ರಿ, ಯಾರು ಕೊಯ್ದರು?"

ಅವನು ಎದ್ದು ಅಪ್ಪನಿಗೆ ಹೇಳಿದ. "ಇದನ್ನ ಈಗಲೇ ಸೀಳಿ. ನೋಡೇಬಿಡೋಣ."

ಒಂದೂವರೆ ತಿಂಗಳು ಸೀಳಿ ಸೀಳಿ ಎಂದು ನಾವು ಬೇಡಿಕೊಂಡ ಕೊರಡು! ನಾನು ಗರಗಸಕ್ಕೆ ಕೈಹಾಕಲು ಹೊರಟಿದ್ದೆ. ಅಪ್ಪ ನನ್ನ ರಟ್ಟೆ ಹಿಡಿದು ನಿಲ್ಲಿಸಿದ. "ಇವತ್ತ ಆಗಂಗಿಲ್ರಿ" ಎಂದ ಸಮಾಧಾನವಾಗಿ. "ಅಮಾಸಿ. ಹತ್ಯಾರ ಮುಟ್ಟಂಗಿಲ್ಲ. ನಾಳೆ ಬರ್ರಿ."

"ನಾನು ಹೇಳ್ತಿದ್ದೀನಲ್ಲ!"

"ನೀವು ಹೇಳಿದ್ರೂ ಅಷ್ಟರಿ. ನಾಳೆ."

ಅಪ್ಪನ ಬಾಯಿಂದ ಅಂಥ ಮಾತು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಸಾಹೇಬ ಬಿಸಿಲಲ್ಲಿ ಬಂದ ದಾರಿಯಲ್ಲೇ ವಾಪಸು ಹೋದ.

ಮರುದಿನ ಬಂದ. ತನ್ನ ಕೈಯಿಂದಲೇ ಅರಗು ಒಡೆದು ಗರಗಸ ಬಿಡಿಸಿಕೊಟ್ಟ. ನಿಂಬೆಹಣ್ಣನ್ನು ನಾನೇ ಕಿತ್ತೆಸೆದೆ. ಅಪ್ಪ ಮೇಲೆ, ನಾನು ಕೆಳಗೆ. ಗರಗಸಕ್ಕೆ ತುಕ್ಕು ಹಿಡಿದಿತ್ತು, ಮೊದಲ ನಾಲ್ಕು ಎಳೆತ ಕಿರುಚಿತು, ಆಮೇಲೆ ದಾರಿಗೆ ಬಂತು. ಕೊರಡು ಎರಡಾಗಿ ಬಿಚ್ಚಿಕೊಂಡಾಗ ಒಳಗೆ ಬೆರಳು ತೂರುವಷ್ಟು ಅಗಲದ ಸುರಂಗ, ಅದರ ತುದಿಯಲ್ಲಿ ಕೆನೆಬಣ್ಣದ, ಹೆಬ್ಬೆರಳು ಗಾತ್ರದ ಹುಳ ಮುದುರಿಕೊಂಡಿತ್ತು. ಬೆಳಕು ಬಿದ್ದದ್ದಕ್ಕೆ ತಲೆ ಆಡಿಸಿತು. ಅಪ್ಪ ಅದನ್ನು ಮುಟ್ಟಲಿಲ್ಲ. ನೆಲದಿಂದ ಹುಳದ ಹೊಟ್ಟನ್ನೂ ನನ್ನ ತಲೆಯಿಂದ ಗರಗಸದ ಹೊಟ್ಟನ್ನೂ ತೆಗೆದು ಸಾಹೇಬನ ಎರಡು ಅಂಗೈಗೆ ಹಾಕಿ, "ತಿಕ್ಕಿ ನೋಡ್ರಿ" ಎಂದ. ಸಾಹೇಬ ತಿಕ್ಕಿ ನೋಡಿದ. ಎರಡು ಸಲ ನೋಡಿದ. ಗೌಡರು ಕೆಮ್ಮಿ ಬೇರೆ ಕಡೆ ತಿರುಗಿದರು.

ಕತೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸಾಹೇಬ ಒಂದು ಕಾಗದ ಬರೆದು ಅಪ್ಪನ ಮುಂದೆ ಹಿಡಿದ. ಸಾಲಿ ಬಿಟ್ಟವಳಾದರೂ ನನಗೆ ಓದಲು ಬರುತ್ತಿತ್ತು. 'ಎಚ್ಚರಿಕೆ ಕೊಟ್ಟು ಗರಗಸವನ್ನು ಹಿಂದಿರುಗಿಸಲಾಗಿದೆ' ಎಂದಿತ್ತು. ಅಪ್ಪ ಹೆಬ್ಬೆರಳು ಮುಂದೆ ಚಾಚಿದ್ದ. ನಾನು ಕಾಗದ ಕಸಿದುಕೊಂಡೆ.

"ಎಚ್ಚರಿಕೆ ಯಾರಿಗ್ರಿ? ಹುಳಕ್ಕೇನು?"

ಸಾಹೇಬ ದನಿ ತಗ್ಗಿಸಿದ. "ನೋಡಮ್ಮ, ಹುಳ ಅಂತ ಬರೆದರೆ ಇಷ್ಟು ದಿನ ನೀನೇನು ಮಾಡ್ತಿದ್ದೆ ಅಂತ ಮೇಲಿನವರು ನನ್ನ ಕೇಳ್ತಾರೆ."

"ಕೇಳಲಿ! ನಮ್ಮನ್ನ ಇಡೀ ಊರು ಕೇಳಿಲ್ಲೇನು? ನೀವು ಬಡಿಗ್ಯಾ ಕಳ್ಳ ಅಂತ ಬರೆಯೂ ಮುಂದ ನಿಮ್ಮ ಕೈ ನಡುಗಲಿಲ್ಲ. ಹುಳಾ ಅಂತ ಬರೆಯಾಕ ಯಾಕ ನಡಗತೈತಿ?"

ಅವನ ಮುಖ ಕೆಂಪಾಯಿತು. ಎಲ್ಲರೂ ನೋಡುತ್ತಿದ್ದರು. ಕೊನೆಗೆ ಹೊಸ ಕಾಗದ ತೆಗೆದು ಬರೆದ. ಮರಗಳು ಬಿದ್ದದ್ದು ಕಾಂಡ ಕೊರೆಯುವ ಹುಳದಿಂದ, ಬಡಿಗೇರ ಮೌನಪ್ಪನದು ಏನೂ ತಪ್ಪಿಲ್ಲ. ಅದನ್ನು ಗಟ್ಟಿಯಾಗಿ ಊರ ಮುಂದೆ ಓದಿಸಿದೆ. ಆಮೇಲೆಯೇ ಅಪ್ಪನ ಹೆಬ್ಬೆಟ್ಟು ಬಿದ್ದದ್ದು. ಹೋಗುವಾಗ ಸಾಹೇಬ ನನ್ನ ಕಡೆ ತಿರುಗಿ ಟೋಪಿ ಮುಟ್ಟಿ ಹೋದ. ಅವನ ಮೇಲಿನ ಸಿಟ್ಟು ನನಗೆ ಅವತ್ತೇ ಅರ್ಧ ಇಳಿದಿತ್ತು.

ಅಪ್ಪ ಮಾತ್ರ ಗರಗಸ ಹೆಗಲಿಗೇರಿಸಿಕೊಂಡು ಮನೆಯ ಕಡೆ ಬರಲಿಲ್ಲ. ಕಬ್ಬಿಣದ ತಂತಿ, ಸೀಮೆಎಣ್ಣೆ, ಹತ್ತಿ ತರಿಸಿಕೊಂಡು ತೋಪಿನೊಳಗೆ ಹೋದ. ಬುಡ ಬುಡ ಕೆದರಿ ತೂತು ಹುಡುಕಿ, ತಂತಿ ತೂರಿಸಿ, ಎಣ್ಣೆಯ ಹತ್ತಿ ತುರುಕಿ, ಹಸಿಮಣ್ಣು ಮೆತ್ತಿದ. ಮೂರು ದಿನ. ನನಗೆ ಮೈಯೆಲ್ಲ ಉರಿಯಿತು. "ನಿನ್ನ ಕಳ್ಳ ಮಾಡಿದ ತೋಪಿಗೆ ನೀನ ಔಷಧ ಮಾಡ್ತಿಯೇನು?" ಎಂದು ಜಗಳ ಕಾದೆ.

"ಗಿಡಾ ಏನ್ ತಪ್ಪ ಮಾಡ್ಯಾವ?" ಎಂದ. ಪೂರಾ ಒಣಗಿದ್ದ ನಾಲ್ಕು ಗಿಡಗಳನ್ನು ಮಾತ್ರ ಕಡಿಯಗೊಡಲಿಲ್ಲ. ಹಾಗೇ ನಿಲ್ಲಲಿ, ಸತ್ತ ಕಟ್ಟಿಗೆಯ ಹುಳ ಬರಲಿ, ಅದನ್ನು ಹೆಕ್ಕಲು ಮರಕುಟಿಗ ಬರಲಿ ಎಂದ. ಈ ಸಲ ಸರಕಾರದವರು ಯಾರೂ ಅದನ್ನು ಕಸ ಎನ್ನಲಿಲ್ಲ. ಆ ವರ್ಷ ಕೂರಿಗೆಗಳು ಮಳೆಗೆ ಮೊದಲೇ ಮುಗಿದವು. ಮರುವರ್ಷ ಒಣ ಜಾಲಿಯ ಮೇಲೆ ಟಕಟಕ ಶಬ್ದ ಕೇಳಿದ ದಿನ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಅವನು ಹೋಗಿ ಬಹಳ ವರ್ಷವಾಯಿತು. ಹುಳ ಎಂದು ಬರೆದ ಕಾಗದದ ಒಂದು ಪ್ರತಿ ನನ್ನ ಪೆಟ್ಟಿಗೆಯಲ್ಲಿ, ಆ ಧೋತರದ ಮಡಿಕೆಯಲ್ಲೇ ಇದೆ.

ನಿಡಗುಂದಿಯ ದಾರಿಯಲ್ಲಿ ಹೋದ ತಿಂಗಳು ನನ್ನ ಬೆರಳಿಗೆ ಹತ್ತಿದ್ದು ಕೈಗರಗಸದ ಹಿಟ್ಟಲ್ಲ, ಮಷೀನಿನ ರವೆ. ಆದರೆ ಅದರಲ್ಲಿ ತೌಡಿನ ಒಂದು ಎಳೆಯೂ ಇರಲಿಲ್ಲ. ಕಡಿದ ಬುಡ ನೋಡಿದೆ. ನಡುವಿನ ಕೆಂಪು ಚೇಗು ಕಲ್ಲಿನಂತಿತ್ತು, ಒಂದು ಸೂಜಿಯಷ್ಟು ತೂತಿಲ್ಲ. ಇನ್ನೂ ನಿಂತಿದ್ದ ಗಿಡಗಳ ಬುಡಕ್ಕೂ ಒಂದೊಂದಾಗಿ ಹೋಗಿ ಬಗ್ಗಿ ನೋಡಿ ಬಂದೆ. ನೆಲ ಗುಡಿಸಿಟ್ಟಷ್ಟು ಚೊಕ್ಕಟ.

"ಕಳ್ಳ ಸಿಕ್ಕನೇನ್ರಿ ಅಮ್ಮಾರ?" ಎಂದ ಗರಗಸದವನು.

"ಸಿಕ್ಕ. ನಿಮ್ಮ ಕಾಗದದಾಗ ಅದಾನ. ಮಂಗ್ಯಾ ಮೊಸರನ್ನ ಉಂಡು ಆಡಿನ ಬಾಯಿಗೆ ಒರಸಿತಂತ. ಇವತ್ತ ಆ ಆಡಿನ ಬದಲಿ ಹುಳಾ ಸಿಕ್ಕೈತಿ ನಿಮಗ."

ಮುಕಾದಮನ ಮುಖದ ನಗೆ ಮಾಯವಾಯಿತು. "ಹುಳಾ ಒಳಗ ಇರ್ತಾವ ಯವ್ವಾ, ಮ್ಯಾಲ ಕಾಣಂಗಿಲ್ಲ. ಬಸ್ ಹೊಂಟತು, ಹತ್ರಿ ನೀವು."

ಬಿದ್ದ ಮರ ಸರಿಸಿ ದಾರಿ ಮಾಡಿದ್ದರು. ಕಂಡಕ್ಟರ್ ಸೀಟಿ ಊದಿದ. ನಾನು ಮುಂದಿನ ಜಾಲಿಯ ಬುಡಕ್ಕೆ ಹೋಗಿ, ಸೆರಗು ಸುತ್ತಿಕೊಂಡು, ಬೊಡ್ಡೆಗೆ ಬೆನ್ನು ಹಚ್ಚಿ ಕೂತೆ. ಅವತ್ತು ಹುಳ ಮಾಡಿದ ತಪ್ಪನ್ನು ನಮ್ಮ ತಲೆಗೆ ಕಟ್ಟಿದರು. ಇವತ್ತು ಮನುಷ್ಯರು ಮಾಡುವ ತಪ್ಪನ್ನು ಹುಳದ ತಲೆಗೆ ಕಟ್ಟುತ್ತಿದ್ದಾರೆ. ಆ ಅಮಾವಾಸ್ಯೆ ಹುಳ ನನ್ನ ಮಾತು ಉಳಿಸಿತ್ತು. ಅದರ ಪರವಾಗಿ ಕೂರಲು ಇಷ್ಟು ವರ್ಷ ಬೇಕಾಯಿತು.

"ಬಸ್ ಬಿಡಪಾ, ನಂದು ಇಲ್ಲಿ ಕೆಲಸ ಐತಿ" ಎಂದು ಕಂಡಕ್ಟರನಿಗೆ ಕೂಗಿದೆ. ಮುಕಾದಮ ಫೋನು ತೆಗೆದು ಯಾರಿಗೋ ಹಚ್ಚಿದ.

"ಯಾರಿಗೆ ಬೇಕಾದ್ರೂ ಹಚ್ಚು" ಎಂದೆ. "ಹುಳಾ ತೋರಸ್ರಿ, ಆಮ್ಯಾಲ ಕಡೀರಿ."

ಸಂಜೆಯವರೆಗೆ ಕೂತಿದ್ದೆ. ಯಾರೂ ತೋರಿಸಲಿಲ್ಲ.